ಅಣ್ಣನ ಹೆಸರಿನಲ್ಲಿ ಆಡಿದವನು

ಅವನ ಹೆಸರು ಗೊತ್ತಿಲ್ಲದ ಮನೆ ಆ ದೇಶದಲ್ಲಿರಲಿಲ್ಲ. ಅಂಥ ಫುಟ್‌ಬಾಲ್ ಆಟಗಾರ. ಆದರೆ ಅದು ಅವನ ಹೆಸರೇ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅವನ ತಾಯಿಗೆ ಗೊತ್ತಿತ್ತು, ತೀರಿಹೋದ ತಂದೆಗೆ ಗೊತ್ತಿತ್ತು. ಮಿಕ್ಕವರಿಗೆ ಗೊತ್ತಾಗದ ಹಾಗೆ ಆ ತಾಯಿ ಹೇಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳೋ, ಹಡೆದವರೇ ಹೇಳಬೇಕು!

ತಂದೆ ಮೊದಲು ಒಬ್ಬನೇ ಆ ದೇಶಕ್ಕೆ ಬಂದು ಗಾರೆ ಕೆಲಸಕ್ಕೆ ಸೇರಿದ್ದ. ಹೆಂಡತಿಯನ್ನೂ ಹಿರಿಮಗನನ್ನೂ ಕರೆಸಿಕೊಳ್ಳಲು ಪರವಾನಗಿ ಸಿಗುವಷ್ಟರಲ್ಲಿ, ಅವನು ಬಂದ ಮೇಲೆ ಹುಟ್ಟಿದ ಕಿರಿಯವನಿಗೆ ಮೂರು ತುಂಬಿತ್ತು. ಅವನ ಹೆಸರಿನಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ಸದ್ಯಕ್ಕೆ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಬರುವುದು ಎಂದಾಗಿತ್ತು. ಹೊರಡಲು ಇನ್ನೇನು ಕೆಲವೇ ದಿನವಿದೆ ಎನ್ನುವಾಗ ಐದು ವರ್ಷದ ಹಿರಿಯವನಿಗೆ ಜ್ವರ ಬಂತು. ಇಳಿಯಲೇ ಇಲ್ಲ.

ಸಾವಿನ ಸುದ್ದಿ ಕೇಳಿದ ಗಂಡ ಫೋನಿನಲ್ಲೇ, "ದೊಡ್ಡವನ ಕಾಗದದಲ್ಲಿ ಚಿಕ್ಕವನನ್ನ ಕರ್ಕೊಂಡ್ ಬಾ," ಎಂದ. "ಅಳ್ಬೇಡ. ನೀನು ಅತ್ರೆ ಯಾಕೆ ಅಂತ ಕೇಳ್ತಾರೆ."

ಆಕೆ ಅಳಲಿಲ್ಲ. ದಾರಿಯುದ್ದಕ್ಕೂ ಮಗುವಿಗೆ ಅಣ್ಣನ ಹೆಸರು ಕಲಿಸಿದಳು. ತನ್ನ ಹೆಸರು ಹೇಳಿದಾಗಲೆಲ್ಲ ತೊಡೆ ಚಿವುಟಿದಳು. ಆ ದೇಶ ಮುಟ್ಟುವ ಹೊತ್ತಿಗೆ ತೊಡೆಯೆಲ್ಲ ಕೆಂಪಾಗಿತ್ತು, ಹೆಸರು ಮಾತ್ರ ಪಕ್ಕಾ ಆಗಿತ್ತು. ಮನೆಯೊಳಗೂ ಹಳೆಯ ಹೆಸರು ಎತ್ತಕೂಡದು, ಗೋಡೆಗೂ ಕಿವಿ ಇರುತ್ತದೆ ಎಂದು ಗಂಡ ಕಟ್ಟಪ್ಪಣೆ ಮಾಡಿದ. ಹಿರಿಯವನ ಒಂದು ಫೋಟೋ ಕೂಡ ಇಡಲಿಲ್ಲ. ಸತ್ತವನ ಹೆಸರನ್ನು ಬದುಕಿರುವವನಿಗೆ ಇಟ್ಟುಕೊಂಡು ಸತ್ತವನಿಗೆ ಎಲ್ಲಿಂದ ಅಳುವುದು?

ಆಕೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಒದ್ದೆ ಹಾಸುಬಟ್ಟೆಯ ಒಂದು ತುದಿ ಆಕೆ, ಇನ್ನೊಂದು ತುದಿ ಜೊತೆಗಾತಿ ಹಿಡಿದು, ಕೊಡವಿ, ಇಸ್ತ್ರಿ ಮಾಡುವ ಕಾದ ಉರುಳೆಗೆ ಕೊಡಬೇಕು. ಕೈ ಸುಟ್ಟರೆ ನಲ್ಲಿ ನೀರು, ಮತ್ತೆ ಬಟ್ಟೆ. ಅಲ್ಲಿ ಎಲ್ಲರ ಕಣ್ಣೂ ಉಗಿಗೆ ಕೆಂಪಾಗಿಯೇ ಇರುತ್ತಿತ್ತು.

ಶಾಲೆಯಲ್ಲಿ ಹುಡುಗ ತನಗಿಂತ ಎರಡು ವರ್ಷ ದೊಡ್ಡವರ ನಡುವೆ ಬಿದ್ದ. ಮೈದಾನದಲ್ಲಿ ಅವರು ಗುದ್ದಿದರೆ ಇವನು ಚೆಂಡಿನ ಸಮೇತ ಉರುಳುತ್ತಿದ್ದ. ಅದಕ್ಕೇ ಗುದ್ದು ಬರುವ ಮೊದಲೇ ನುಣುಚಿಕೊಳ್ಳುವುದನ್ನು ಕಲಿತ. ಆಟ ಕಲಿಸುವ ಮೇಷ್ಟರು ಅವನಿಗೆ ಗುಬ್ಬಿ ಎಂದೇ ಹೆಸರಿಟ್ಟರು.

"ಏನಮ್ಮಾ, ಹುಡುಗನಿಗೆ ಹೊಟ್ಟೆಗೆ ಹಾಕಲ್ವಾ? ವಯಸ್ಸಿಗೆ ತಕ್ಕ ಬೆಳವಣಿಗೆನೇ ಇಲ್ಲ!" ಎಂದು ಅವರು ನಕ್ಕಾಗ ಆಕೆಯೂ ನಕ್ಕಳು. ಆ ನಗು ಎಂಥ ನಗು ಅಂತೀರಿ! ಮನೆಗೆ ಬಂದವಳೇ ಹುಡುಗನ ತಟ್ಟೆಗೆ ಎರಡು ಸೌಟು ಹೆಚ್ಚು ಬಡಿಸಿದಳು.

ಮುಂದಿನದು ಊರಿಗೆಲ್ಲ ಗೊತ್ತಿರುವ ಕಥೆ. ಮೀಸೆ ಮೂಡುವ ಮುಂಚೆಯೇ ದೊಡ್ಡ ಕ್ಲಬ್ಬು ಅವನನ್ನು ಕರೆಯಿತು. ಆಮೇಲೆ ದೇಶದ ತಂಡ. ಅವನು ಗೋಲು ಹೊಡೆದರೆ ನಮ್ಮ ಹುಡುಗ, ಗೋಲು ತಪ್ಪಿದರೆ ಎಲ್ಲಿಂದಲೋ ಬಂದವನು. ಜನರ ನಾಲಿಗೆಗೆ ಎಲುಬುಂಟೇ? ಫೈನಲ್‌ನಲ್ಲಿ ಅವನದೊಂದೇ ಗೋಲಿಗೆ ಕಪ್ ಬಂದ ಮೇಲೆ ಬೀದಿಬೀದಿಯಲ್ಲಿ ಮಕ್ಕಳು ಬೆನ್ನ ಮೇಲೆ ಆ ಹೆಸರು ಹೊತ್ತು ಓಡಾಡಿದರು. ಒಮ್ಮೆ ತರಕಾರಿ ಅಂಗಡಿಯ ಮುಂದೆ ಐದು ವರ್ಷದ ಪೋರನೊಬ್ಬ ಆ ಹೆಸರಿನ ಅಂಗಿ ತೊಟ್ಟು ನಿಂತಿದ್ದ. ಆಕೆ ಅವನ ಬೆನ್ನು ಸವರಿದಳು. ಸವರುತ್ತಲೇ ನಿಂತಳು. ಮಗುವಿನ ತಾಯಿ ಗಾಬರಿಯಾಗಿ ಮಗುವನ್ನು ಎಳೆದುಕೊಂಡಳು.

ಆಟ ನಿಲ್ಲಿಸುವ ಕಾಲವೂ ಬಂತು. ಕೊನೆಯ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಮಗ ತಾಯಿಯ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದ.

"ಅಮ್ಮಾ, ನಾಳೆ ಮೈಕಲ್ಲಿ ಎಲ್ಲಾ ಹೇಳ್ಬಿಡ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ? ಈ ದೇಶದಿಂದ ಆಚೆ ಹಾಕಿದ್ರೆ?"

"ವಕೀಲರನ್ನ ಕೇಳಿದೀನಿ. ಬಂದದ್ದೆಲ್ಲಾ ಬರಲಿ. ಅಪ್ಪನೂ ಇಲ್ಲ ಈಗ, ಇನ್ಯಾರಿಗೆ ಹೆದರೋದು?"

ಆಕೆ ಸೌಟು ಕೆಳಗಿಟ್ಟಳು. ಭಯ ಅದೊಂದೇ ಆಗಿರಲಿಲ್ಲ.

"ಬೇಡ ಮಗಾ. ಅಷ್ಟು ಜನ ಅವನ ಹೆಸರು ಕೂಗ್ತಾರಲ್ಲ, ಆಗ ಅವನು ಎಲ್ಲೋ ಇದಾನೆ ಅನ್ಸುತ್ತೆ ನಂಗೆ. ನೀನು ಹೇಳ್ಬಿಟ್ರೆ ಅವನು ಹೋಗ್ಬಿಡ್ತಾನೆ ಕಣೋ."

"ಅವನು ಅಲ್ಲಿದಾನೆ, ಸರಿ. ನಾನೆಲ್ಲಿದೀನಮ್ಮಾ?"

ಆಕೆ ಸೌಟು ಎತ್ತಿಕೊಂಡು ಅವನ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು. ಅವನು ತಲೆ ಬಗ್ಗಿಸಿಕೊಂಡು ತಿಂದ.

ಮರುದಿನ ಆಕೆ ಲಾಂಡ್ರಿಯ ಜೊತೆಗಾತಿಯನ್ನು ಕರೆದುಕೊಂಡು ಹೋಗಿ ಮನೆಯವರ ಸಾಲಿನಲ್ಲಿ ಕೂತಳು. ಪಂದ್ಯ ಮುಗಿದು ಮಗ ಮೈಕಿನ ಮುಂದೆ ಬಂದಾಗ ಕ್ರೀಡಾಂಗಣವೇ ಎದ್ದು ನಿಂತು ಹಿರಿಯವನ ಹೆಸರು ಕೂಗಿತು. ಮಗ ಕೈ ಎತ್ತಿದ. ಸದ್ದಡಗಿತು.

"ನಂಗೊಬ್ಬ ಅಣ್ಣ ಇದ್ದ," ಎಂದ. "ಐದನೇ ವಯಸ್ಸಿಗೇ ತೀರ್ಕೊಂಡ. ನೀವು ಇಷ್ಟು ವರ್ಷ ಕೂಗಿದ್ದು ಅವನ ಹೆಸರು. ಅವನ ಕಾಗದದಲ್ಲಿ ನಾನು ಇಲ್ಲಿಗೆ ಬಂದೆ. ಅವನಿಗಾಗಿ ಆಡಿದೀನಿ ಅಂದ್ಕೊಳ್ಳಿ. ಇವತ್ತು ಅವನ ಹೆಸರು ಅವನಿಗೆ ಕೊಟ್ಬಿಡ್ತೀನಿ." ಆಮೇಲೆ ತನ್ನ ಹೆಸರು ಹೇಳಿದ.

ಜನ ಮುಖ ಮುಖ ನೋಡಿಕೊಂಡರು. ಎಲ್ಲೋ ಮೇಲಿನ ಸಾಲಿನಲ್ಲಿ ಯಾರೋ ಒಬ್ಬರು ಆ ಹೊಸ ಹೆಸರನ್ನು ತಡವರಿಸುತ್ತ ಕೂಗಿದರು. ಇನ್ನಷ್ಟು ಜನ ಕೂಗಿದರು. ಸ್ವಲ್ಪ ಹೊತ್ತಿಗೆ ಹಳೆಯ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಆಗ ಆಕೆ ಅತ್ತಳು. ಎದೆ ಬಡಿದುಕೊಂಡು, ಸುತ್ತಲಿನವರು ತಿರುಗಿ ನೋಡುವ ಹಾಗೆ ಅತ್ತಳು. ಜೊತೆಗಾತಿ ತೋಳು ಹಿಡಿದುಕೊಂಡು, "ಅಳ್ಬೇಡ ಅಕ್ಕಾ," ಎಂದಳು. "ಎಷ್ಟೋ ವರ್ಷದ ಹಿಂದಿನ ಮಾತಲ್ವಾ ಅದು?"

"ನಿಮಗೆಲ್ಲಾ ಹಂಗೆ," ಎಂದಳು ತಾಯಿ. "ನನ್ನ ಮಗ ಈಗ ಹೋದ ಕಣೇ."