ಚೆಂಡುಹೂವಿನ ಮೇಡಂ

ಅವರ ಬಲಗೈ ಬೆರಳುಗಳು ಸದಾ ಹಳದಿ. ಅರಿಸಿನವಲ್ಲ, ಚೆಂಡುಹೂವಿನ ಕರೆ. ಬಸವೇಶ್ವರನಗರದ ನಮ್ಮ ಎದುರು ಮನೆಯ ಕೆಮಿಸ್ಟ್ರಿ ಮೇಡಂ, ಕಾಲೇಜಿನಿಂದ ರಿಟೈರ್ ಆದ ಮೇಲೆ, ಬೆಳಿಗ್ಗೆ ಚೀಲ ಹಿಡಿದು ಈಶ್ವರನ ಗುಡಿಗೆ ಹೋಗುತ್ತಿದ್ದರು. ಪೂಜೆಗಲ್ಲ, ಹಿಂದಿನ ದಿನದ ಬಾಡಿದ ಹಾರಗಳಿಗೆ. ಬಿಲ್ವಪತ್ರೆಯನ್ನೆಲ್ಲ ಆರಿಸಿ ಗಿಡದ ಬುಡಕ್ಕೆ ಹಾಕಿ, ಚೆಂಡುಹೂವನ್ನಷ್ಟೇ ಹಿತ್ತಲಲ್ಲಿ ಕುದಿಸಿ ಸೋಸುವರು.

"ಏನ್ರೀ ಇದು ಕಷಾಯ, ಶೀತಕ್ಕಾ?" ಎಂದು ಕೇಳಿದ್ದೆ.

"ಸ್ಟೀಲಿಗೆ ಕಣ್ರೀ," ಎಂದು ನಕ್ಕರು. "ವರ್ಕ್‌ಶಾಪಲ್ಲಿ ತುಕ್ಕು ತೆಗೆಯಕ್ಕೆ ಸ್ಟೀಲನ್ನ ಆಸಿಡ್ಡಲ್ಲಿ ಅದ್ತಾರೆ. ಆಸಿಡ್‌ಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ, ತುಕ್ಕು ಮುಗಿದ್ಮೇಲೆ ಸ್ಟೀಲನ್ನೇ ತಿನ್ನುತ್ತೆ. ಇದು ಇನ್ಹಿಬಿಟರ್, ಸ್ಟೀಲಿನ ಮೈಗೆ ಅಂಟ್ಕೊಂಡು ಅಡ್ಡ ನಿಲ್ಲುತ್ತೆ. ಈಗ ಹಾಕೋ ಕೆಮಿಕಲ್ಸ್ ಕೆಲವು ಬರೀ ವಿಷ. ರಾಜಾಜಿನಗರದ ಶೆಡ್‌ಗಳಲ್ಲಿ ಕೆಲಸ ಮಾಡೋರು ಏನಾಗ್ಬೇಕು ಹೇಳಿ?"

ಎರಡು ಜಾಮ್ ಬಾಟಲಿಗಳಲ್ಲಿ ಆಸಿಡ್ ಸುರಿದು, ಒಂದಕ್ಕೆ ಕಷಾಯ ಬೆರೆಸಿ, ಎರಡಕ್ಕೂ ಸ್ಟೀಲಿನ ಪಟ್ಟಿ ಇಳಿಬಿಟ್ಟರು. ಬರೀ ಆಸಿಡ್ಡಿನದು ನೊರೆನೊರೆಯಾಗಿ ಉಕ್ಕಿತು. ಕಷಾಯದ್ದರಲ್ಲಿ ಎಲ್ಲೋ ಒಂದೊಂದು ಗುಳ್ಳೆ. ನನ್ನ ಕಾನ್ವೆಂಟಿನ ಸಿಸ್ಟರ್ಸ್ ಮಾರಲ್ ಸೈನ್ಸ್ ಬಿಟ್ಟು ಬೇರೆ ಸೈನ್ಸ್ ಕಲಿಸಿದ್ದು ನೆನಪಿಲ್ಲ. "ಮೈ ಗಾಡ್!" ಎಂದೆ. ಆದರೆ ಆ ಕಷಾಯ ಎರಡು ದಿನಕ್ಕೆ ಹಳಸಿ ಬೂಷ್ಟು ಹಿಡಿಯುತ್ತಿತ್ತು. ಮತ್ತೆ ಚೀಲ, ಮತ್ತೆ ಗುಡಿ.

ಮೇಡಂ ನಿರ್ಮಾಲ್ಯವನ್ನೆಲ್ಲ ಗಿಡಕ್ಕೇ ಹಾಕುತ್ತಾರೆಂದು ಅವರ ಅತ್ತೆ ನಂಬಿದ್ದರು. ಧಾರವಾಡದ ಕಡೆಯವರು, ತೊಂಬತ್ತರ ಹತ್ತಿರ, ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಬಿಡದವರು. ಒಂದು ದಿನ ನಾನಲ್ಲಿ ಕೂತಿದ್ದಾಗಲೇ ಹಿತ್ತಲಿಗೆ ಬಂದರು. ಮೇಡಂ ಆರಿಸುವಾಗ ಕಣ್ತಪ್ಪಿದ ಒಂದೇ ಒಂದು ಬಿಲ್ವದೆಲೆ ಆಸಿಡ್ ಬಾಟಲಿಗಳ ಪಕ್ಕದಲ್ಲಿ, ಸೋಸುವ ಜರಡಿಯಲ್ಲಿ ಬೆಂದು ಬಿದ್ದಿತ್ತು.

"ಶಿವನ ತಲಿ ಮ್ಯಾಲಿನ ಪತ್ರಿ ಕುದಿಸಿ ಆಸಿಡ್ಡಿಗೆ ಹಾಕ್ತೀಯೇನ? ಇನ್ನ ಮ್ಯಾಲ ನಿನ್ನ ಕೈಯಾನ ನೀರ ನಾ ಮುಟ್ಟಂಗಿಲ್ಲ!"

ಮೇಡಂ ಮರುದಿನದಿಂದಲೇ ಗುಡಿಯ ಹೂವು ಬಿಟ್ಟು, ಕಲ್ಯಾಣ ಮಂಟಪದಲ್ಲಿ ಮಿಕ್ಕ ಹೂವು ತರತೊಡಗಿದರು. ಅತ್ತೆಯ ಮನಸ್ಸು ಕರಗಲಿಲ್ಲ. ಮಗ ಕೊಟ್ಟರೆ ಮಾತ್ರ ಊಟ, ನೀರು. "ಆಸಿಡ್‌ಗೆ ಇನ್ಹಿಬಿಟರ್ ಸಿಕ್ತು, ನಮ್ಮತ್ತೆಗೆ ಇನ್ನೂ ಸಿಕ್ಕಿಲ್ಲ," ಎಂದು ಮೇಡಂ ತಮಾಷೆ ಮಾಡುತ್ತಿದ್ದರು. ನಗು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಹೋದ ವರ್ಷ ಒಂದು ಮುಂಜಾನೆ ಮೇಡಂ ಅಡುಗೆಮನೆಯಲ್ಲಿ ಕುಸಿದವರು ಏಳಲಿಲ್ಲ. ಹಿಂದಿನ ಸಂಜೆ ಗೇಟಿನಲ್ಲಿ ನನ್ನೊಡನೆ ಹರಟಿದ್ದರು! ನಾನು ಓಡಿಹೋದಾಗ ಅವರ ಲಿಂಗಾಯತ ಪದ್ಧತಿಯಂತೆ ದೇಹವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಪಾಠ ನಡುವೆ ನಿಲ್ಲಿಸಿದವರ ಹಾಗೆ ಕಂಡರು. ನನಗೆ ಅಳುವೂ ಬರಲಿಲ್ಲ.

ಅತ್ತೆ ಎದುರಿಗೇ ಕೂತಿದ್ದರು. ನಾನು ಲೋಟ ಹಿಡಿದು ಹೋದೆ. "ಅಮ್ಮಾ, ಒಂದು ಗುಟುಕು ನೀರು ಕುಡೀರಿ."

ಅವರು ಲೋಟ ಸರಿಸಿದರು. "ದಿನಾ ರಾತ್ರಿ ನನ್ನ ಮಂಚದ ಬಾಜೂಕ ತಂಬಿಗಿ ತುಂಬಿ ಇಡ್ತಿದ್ಲು. ಮುಂಜಾನೆ ಅಕೀ ಕಣ್ಣ ಮುಂದನ ಚೆಲ್ತಿದ್ದೆ. ನಿನ್ನಿ ಇಟ್ಟದ್ದು ಹಂಗೇ ಅದ. ತಗೊಂಡ ಬಾ."

ದಿನಾ! ಮೇಡಂ ನನಗೆ ಒಂದು ಮಾತೂ ಹೇಳಿರಲಿಲ್ಲ. ಒಳಗಿನಿಂದ ತಂಬಿಗೆ ತಂದೆ.

"ಸಾವಿನ ಮನೆ ನೀರು ಅಜ್ಜಿ, ಕುಡೀಬಾರ್ದು, ಚೆಲ್ಬಿಡಿ," ಎಂದರು ಬೀದಿಯವರಾರೋ.

ಅತ್ತೆ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಸೊಸೆಯ ಎದುರು, ತಳ ಕಾಣುವವರೆಗೂ ಕುಡಿದರು.