ಏಳನೇ ಬಾಗಿಲಿನ ಚರಿತ್ರೆ

ನಾನು ಚಿಕ್ಕವನಿದ್ದಾಗ ಒಂದು ಗೂಢಚಾರ ಇಲಾಖೆಯ ಚರಿತ್ರೆ ಬರೆದಿದ್ದೆ. ನಗಬೇಡಿ ಮೊಮ್ಮಕ್ಕಳೇ, ಆಗ ನನಗೆ ನಿಮ್ಮಷ್ಟೇ ವಯಸ್ಸು, ಹನ್ನೊಂದು ತುಂಬಿತ್ತು. ಆ ಇಲಾಖೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಇದ್ದದ್ದು ಬಾಡಿಗೆಗೆ ತರುತ್ತಿದ್ದ ಇಂಗ್ಲಿಷ್ ಕಾಮಿಕ್ಸ್ ಪುಸ್ತಕಗಳಲ್ಲಿ ಮಾತ್ರ. ಅದರ ಹೆಸರನ್ನು ನಾನು ‘ಏಳನೇ ಬಾಗಿಲು’ ಎಂದು ಕನ್ನಡಕ್ಕೆ ತಂದುಕೊಂಡಿದ್ದೆ. ಮುಷ್ಟಿಯಲ್ಲಿ ಮಿಂಚು ಹಿಡಿಯಬಲ್ಲ ಒಬ್ಬ ವೀರ ಆ ಕಥೆಗಳ ನಾಯಕ. ಉಳಿದ ಹುಡುಗರೆಲ್ಲ ಟವೆಲ್ ಕಟ್ಟಿಕೊಂಡು ಅವನಂತೆ ಕಾಂಪೌಂಡಿನಿಂದ ಹಾರಿ ಮಂಡಿ ತರಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅವನಿಗೆ ಕೆಲಸ ಹಚ್ಚುತ್ತಿದ್ದ ಇಲಾಖೆಯ ಮೇಲೆಯೇ ಕಣ್ಣು.

ತೊಂದರೆ ಏನೆಂದರೆ, ಆ ಇಲಾಖೆಯ ಕಥೆ ಒಂದು ಪುಸ್ತಕದಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಅದನ್ನು ಕಟ್ಟಿದವನು ಒಬ್ಬ ಗಡಿಯಾರ ರಿಪೇರಿಯವನು ಎಂದು ಒಂದು ಕಡೆ ಇದ್ದರೆ, ದೀಪಸ್ತಂಭ ಕಾಯುತ್ತಿದ್ದ ಮುದುಕಿ ಎಂದು ಮತ್ತೊಂದು ಕಡೆ ಇರುತ್ತಿತ್ತು. ಸುಟ್ಟು ಬೂದಿಯಾದ ಕಚೇರಿ ಮುಂದಿನ ಸಂಚಿಕೆಯಲ್ಲಿ ಏನೂ ಆಗದಂತೆ ನಿಂತಿರುತ್ತಿತ್ತು. ಸತ್ತವರು ಎದ್ದು ಬಂದು ಕಾಫಿ ಕುಡಿಯುತ್ತಿದ್ದರು. ಇದನ್ನೆಲ್ಲ ಯಾರಾದರೂ ಒಂದು ಸಾಲಿನಲ್ಲಿ ಸರಿಯಾಗಿ ಬರೆದಿಡಬೇಕಲ್ಲ ಎಂದು ನನಗೆ ಕಿರಿಕಿರಿಯಾಗುತ್ತಿತ್ತು. ಕೊನೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ನಾನೇ ಬರೆಯಲು ಕುಳಿತೆ. ಇಲಾಖೆಯ ಮೊದಲ ನಿಯಮವನ್ನು ನಾನೂ ಪಾಲಿಸಿದೆ. ಏಳನೇ ಬಾಗಿಲಿನವರು ತಮ್ಮವರ ಹೆಸರನ್ನು ಎಲ್ಲೂ ಬರೆಯುವುದಿಲ್ಲ. ಹಾಗಾಗಿ ಆ ಪುಸ್ತಕದಲ್ಲಿ ನನ್ನ ಹೆಸರೂ ಇರಲಿಲ್ಲ, ಶಾಲೆಯ ಹೆಸರೂ ಇರಲಿಲ್ಲ.

ನಮ್ಮ ಮನೆ ಇದ್ದದ್ದು ಕೆ.ಆರ್. ಪುರಂ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ. ಅಪ್ಪ ಅಲ್ಲಿ ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದರು. ದಿನವಿಡೀ ಎತ್ತರದ ಓರೆ ಮೇಜಿನ ಮುಂದೆ ನಿಂತು ಯಂತ್ರದ ಭಾಗಗಳ ನಕ್ಷೆ ಎಳೆಯುವ ಕೆಲಸ. ಅಪ್ಪನ ಪೆನ್ಸಿಲ್ಲಿನ ಮೊನೆ ಸೂಜಿಯಷ್ಟು ಚೂಪು, ಬೆರಳುಗಳು ಸದಾ ಸ್ವಚ್ಛ. ನಿಮ್ಮ ಫ್ಯಾಕ್ಟರಿಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರೆ “ಕೆಲಸ ಮಾಡ್ತಾರೆ” ಎನ್ನುತ್ತಿದ್ದರು, ಅಷ್ಟೇ. ಇಂಥ ಅಪ್ಪ ಇದ್ದ ಮೇಲೆ ಏಳನೇ ಬಾಗಿಲಿನ ಗುಪ್ತ ಶಾಖೆ ನಮ್ಮ ಕಾರ್ಖಾನೆಯ ನೆಲದಡಿಯಲ್ಲೇ ಇದೆ ಎಂದು ನಾನು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಚರಿತ್ರೆಯ ಕೊನೆಯ ಅಧ್ಯಾಯಕ್ಕೆ ಅದರ ನಕ್ಷೆಯನ್ನೂ ಬರೆದೆ. ಗೇಟು, ಸೈರನ್ ಗೋಪುರ, ಕ್ಯಾಂಟೀನ್, ಕ್ಯಾಂಟೀನಿನ ಒಲೆಯ ಹಿಂದಿನಿಂದ ಕೆಳಗಿಳಿಯುವ ಗುಟ್ಟಿನ ಮೆಟ್ಟಿಲು. ‘ಇಲ್ಲಿನ ಮುಖ್ಯ ಗೂಢಚಾರ: ಅಪ್ಪ’ ಎಂದು ಕೆಳಗೆ ಬರೆದೆ.

ನಮ್ಮ ಕಾಲೊನಿಯಲ್ಲಿ ಒಂದು ಪದ್ಧತಿಯಿತ್ತು. ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಯಾರೂ ಖಾಕಿ ಕಾಗದ ಕೊಳ್ಳುತ್ತಿರಲಿಲ್ಲ. ಕೆಲಸಕ್ಕೆ ಬಾರದ ಹಳೆಯ ನಕ್ಷೆ ಹಾಳೆಗಳನ್ನು ಅಪ್ಪಂದಿರು ಗೇಟಿನಲ್ಲಿ ತೋರಿಸಿ ಮನೆಗೆ ತರುತ್ತಿದ್ದರು. ಒಂದು ಮಗ್ಗುಲಲ್ಲಿ ನೀಲಿ ಗೆರೆಗಳು, ಇನ್ನೊಂದು ಮಗ್ಗುಲು ಖಾಲಿ. ಮೂಗು ಚುರುಗುಟ್ಟಿಸುವ ಘಾಟು ವಾಸನೆ. ಎಲ್ಲರೂ ಖಾಲಿ ಮಗ್ಗುಲನ್ನು ಹೊರಗೆ ಮಾಡಿ ಹಾಕಿದರೆ, ನಾನು ನನ್ನ ಚರಿತ್ರೆಗೆ ನೀಲಿ ಗೆರೆಗಳನ್ನೇ ಹೊರಗೆ ಮಾಡಿ ಹಾಕಿದ್ದೆ. ನೋಡಿದರೇನೇ ಗುಪ್ತ ದಾಖಲೆ ಅನ್ನಿಸಬೇಕಲ್ಲ.

ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ರಾತ್ರಿ ಬೆಳಕು ಹೊರಗೆ ಕಾಣದಂತೆ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆವು. ಮನೆಗಳಲ್ಲಿ ಉಳಿದಿರುವ ನಕ್ಷೆ ಹಾಳೆಗಳನ್ನೆಲ್ಲ ವಾಪಸ್ ಮಾಡಬೇಕೆಂದು ಕಾರ್ಖಾನೆಯಿಂದ ಆಜ್ಞೆ ಬಂತು. ಅಮ್ಮ ನಮ್ಮ ಪುಸ್ತಕಗಳಿಗೆ ತೊಡಿಸಿದ್ದ ಕಾಗದದ ಅಂಗಿ ಬಿಚ್ಚಿದಳು. ಅಪ್ಪ ಅದನ್ನೆಲ್ಲ ಕಟ್ಟಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಯ್ದು, ‘ನಮ್ಮ ಮನೆಯಲ್ಲಿ ಒಂದು ಹಾಳೆಯೂ ಉಳಿದಿಲ್ಲ’ ಎಂದು ಸಹಿ ಮಾಡಿ ಬಂದರು. ನಾನು ಮಾತ್ರ ಚರಿತ್ರೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಅಂಗಿ ಬಿಚ್ಚಿದರೆ ಅದು ಬರೀ ನೋಟ್‌ಬುಕ್ ಆಗಿಬಿಡುತ್ತದೆ ಎಂಬ ಸಂಕಟ ನನಗೆ.

ಆ ಭಾನುವಾರದ ಮಾತಿಗೆ ಬರುತ್ತೇನೆ. ಶಿವಾಜಿನಗರದಲ್ಲಿ ಅಕ್ಕನಿಗೆ ಬೆಳಿಗ್ಗೆ ಟೈಪಿಂಗ್ ಕ್ಲಾಸು. ಅವಳ ಜೊತೆ ಬಸ್ಸಿನಲ್ಲಿ ನಾನೂ ಹೋಗುತ್ತಿದ್ದೆ. ಅವಳು ಕ್ಲಾಸಿನಲ್ಲಿರುವಾಗ ಪಕ್ಕದ ಗಲ್ಲಿಯ ಕಾಮಿಕ್ಸ್ ಅಂಗಡಿಯಲ್ಲಿ ಪುಸ್ತಕ ಬದಲಾಯಿಸುವುದು ನನ್ನ ಕೆಲಸ. ಅಂಗಡಿಯ ಯಜಮಾನರನ್ನು ಮಕ್ಕಳೆಲ್ಲ ಚಾಚಾ ಎನ್ನುತ್ತಿದ್ದೆವು. ಅವರು ಹತ್ತು ಹತ್ತು ಪುಸ್ತಕಗಳನ್ನು ಸೆಣಬಿನ ದಾರದಲ್ಲಿ ಕಟ್ಟಿ ಇಡುತ್ತಿದ್ದರು. ಹಳೆಯ ಕಟ್ಟು ಕೊಟ್ಟರೆ ಹೊಸ ಕಟ್ಟು ಸಿಗುತ್ತಿತ್ತು. ಅಗಲವಾದ ಕೈಯಿಂದ ಕಟ್ಟಿನ ದಪ್ಪ ಅಳೆದು ನೋಡುತ್ತಿದ್ದರೇ ಹೊರತು ಬಿಚ್ಚಿ ಎಣಿಸುತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರವಿತ್ತು. ಗಲ್ಲಿಯ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಆ ವರ್ಷ ಅವುಗಳೊಳಗೆ ಬಲ್ಬ್ ಹಾಕುವಂತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದೆ. ಗೋಡೆ ಸಿಕ್ಕಿತು. ಹಿಂದಿನ ದಿನ ಸಂಜೆ ಕಥೆಯ ಒಂದು ವಿವರದ ಬಗ್ಗೆ ಸಂಶಯ ಬಂದು ಚರಿತ್ರೆಯನ್ನು ಕಾಮಿಕ್ಸ್ ಕಟ್ಟಿನ ಪಕ್ಕ ಇಟ್ಟುಕೊಂಡು ನೋಡಿದ್ದೆ. ಅಮ್ಮ ಬಂದಳೆಂದು ಗಡಿಬಿಡಿಯಲ್ಲಿ ಅದನ್ನು ಪುಸ್ತಕಗಳ ನಡುವೆ ತುರುಕಿ ದಾರ ಬಿಗಿದಿದ್ದೆ. ಬೆಳಿಗ್ಗೆ ನನ್ನ ಕೈಯಾರೆ ಅದನ್ನು ಚಾಚಾಗೆ ಕೊಟ್ಟು ಬಂದಿದ್ದೆ.

ಅಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. “ಅಪ್ಪ ಸಹಿ ಹಾಕಿದ್ದಾರೆ ಕಣೋ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಟೈಪಿಂಗ್ ಪುಸ್ತಕ ಮರೆತೆವೆಂದು ಅಮ್ಮನಿಗೆ ಸುಳ್ಳು ಹೇಳಿ ಮತ್ತೆ ಬಸ್ಸು ಹತ್ತಿದೆವು. ಅವತ್ತು ಆ ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತು ನಿದ್ದೆ ಮಾಡಿತು. ಹಲಸೂರು ಕೆರೆ ಬಂದಾಗ ಯಾವಾಗಲೂ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದ ನಾನು ಅವತ್ತು ನನ್ನ ಕಾಲ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದೆ.

ನಮ್ಮನ್ನು ಕಂಡ ಚಾಚಾ ಕೈಸನ್ನೆ ಮಾಡಿ ಅಂಗಡಿಯ ಒಳಗೆ ಕರೆದರು.

“ನೀಲಿ ಕಾಗದದ ಪುಸ್ತಕ ನಿಂದೇನಾ ಬೇಟಾ?” ಎಂದು ಮೆಲ್ಲಗೆ ಕೇಳಿದರು. ನಾನು ತಲೆಯಾಡಿಸಿದೆ. “ನೀವು ಹೋದ್ಮೇಲೆ ನಿಮ್ ಕಾಲೊನಿ ಸೆಕ್ಯುರಿಟಿ ಆಫೀಸರ್ ಜೀಪ್ ಬಂತು. ಅವರ ಮಗನಿಗೆ ಅದೇ ಕಟ್ಟು ಕೊಟ್ಬಿಟ್ಟೆ. ಈಗ ಜೀಪ್ ವಾಪಸ್ ಬಂದಿತ್ತು. ಡ್ರೈವರ್ ಕೇಳ್ದ, ಇದು ಯಾರ ಪುಸ್ತಕ ಅಂತ.”

“ನೀವೇನಂದ್ರಿ?” ಅಕ್ಕ ಕೇಳಿದಳು.

“ನಾನು ಪುಸ್ತಕದ ನಂಬರ್ ಬರೀತೀನಿ, ಮಕ್ಕಳ ಹೆಸರು ಬರೆಯಲ್ಲ ಅಂದೆ. ಅದು ನಿಜಾನೇ. ಆದ್ರೆ ನಾಳೆ ಬೆಳಿಗ್ಗೆ ನಕ್ಷೆ ಬರೆಯೋರನ್ನೆಲ್ಲ ಗೇಟಲ್ಲಿ ನಿಲ್ಲಿಸ್ತಾರಂತೆ. ಎಲ್ಲರ ಮನೇನೂ ಹುಡುಕ್ತಾರಂತೆ.”

ವಾಪಸ್ ಬಸ್ಸಿನಲ್ಲಿ ಅಕ್ಕ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಅದ್ರಲ್ಲಿ ಹೆಸರಿಲ್ಲ ತಾನೆ? ಮನೇಲಿ ಬೇರೆ ಹಾಳೆನೂ ಇಲ್ಲ. ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ” ಎಂದಳು. ನನಗೂ ಅದೇ ಸರಿ ಎನ್ನಿಸಿತು. ಏಳನೇ ಬಾಗಿಲಿನವರು ಹಿಡಿದು ಹಿಂಸಿಸಿದರೂ ಬಾಯಿ ಬಿಡುವುದಿಲ್ಲ. ಅದನ್ನು ನಾನೇ ಮೂರನೇ ಅಧ್ಯಾಯದಲ್ಲಿ ಹೆಮ್ಮೆಯಿಂದ ಬರೆದಿದ್ದೆ.

ಸಂಜೆ ಕಾರ್ಖಾನೆ ಬಿಡುವ ಸೈರನ್ ಕೂಗಿತು. ಯುದ್ಧದ ದಿನಗಳಾದ್ದರಿಂದ ಅಪ್ಪನಿಗೆ ಭಾನುವಾರವೂ ಕೆಲಸವಿತ್ತು. ಅಪ್ಪ ಸೈಕಲ್ ನಿಲ್ಲಿಸಿ, ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, ಹಜಾರದ ಬೆಂಚಿನ ಮೇಲೆ ಕುಳಿತರು. ಹುರಿದ ಕಡಲೆಕಾಯಿ ಇನ್ನೂ ಬೆಚ್ಚಗಿತ್ತು. ಅಮ್ಮ ತಂದ ಕಾಫಿ ಕುಡಿಯುತ್ತಾ ಅಪ್ಪ ಹೇಳಿದರು: “ಯಾರದೋ ಮನೇಲಿ ಒಂದು ಹಾಳೆ ಉಳಿದುಹೋಗಿದೆಯಂತೆ. ಪಾಪ, ಯಾರೋ ಏನೋ. ಇವತ್ತು ಅವರ ಮನೇಲಿ ಊಟ ಸೇರುತ್ತೋ ಇಲ್ವೋ.”

ಅಪ್ಪ ಮರುಗುತ್ತಿದ್ದದ್ದು ತಮಗಾಗಿಯೇ ಎಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಅಕ್ಕ ಬಾಗಿಲ ಬಳಿಯಿಂದ ಬೇಡ ಎಂಬಂತೆ ಕಣ್ಸನ್ನೆ ಮಾಡುತ್ತಿದ್ದಳು. ನಾನು ಅಕ್ಕನ ಕಡೆ ನೋಡದೆ ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕಿ ಡಬ್ಬ, ಕಟ್ಟು, ಚಾಚಾ, ಜೀಪು, ಎಲ್ಲ. ಹೇಳುತ್ತಾ ಹೇಳುತ್ತಾ ಬಿಕ್ಕಳಿಕೆ ಬಂತು.

ಅಪ್ಪನ ಕೈ ಮೇಲೇಳುತ್ತದೆ ಎಂದು ಕಾಯುತ್ತಿದ್ದೆ. ಅವರು ಲೋಟ ಕೆಳಗಿಟ್ಟರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. “ಹೆಸರಿಲ್ವಂತೆ ಅಪ್ಪ, ನಾವಾಗಿ ಯಾಕೆ ಹೇಳ್ಬೇಕು?” ಎಂದು ಅಕ್ಕ ಕೇಳಿದಳು. ಅಪ್ಪ ಅವಳನ್ನೇ ನೋಡಿ, “ನಾಳೆ ಮೂವತ್ತು ಜನ ಗೇಟಲ್ಲಿ ತಲೆ ತಗ್ಗಿಸಿ ನಿಲ್ತಾರೆ. ಅವರ ಜೊತೆ ನಾನೂ ಏನೂ ಅರಿಯದವನ ಹಾಗೆ ನಿಲ್ಲಲಾ?” ಎಂದರು. ನಂತರ ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿ ತೊಟ್ಟು ನನಗೆ “ನಡಿ” ಎಂದರು.

ಆಫೀಸರ್ ಮನೆ ಕಾಲೊನಿಯ ಆ ತುದಿಗಿತ್ತು. ಅಪ್ಪ ಬಿರಬಿರನೆ ಮುಂದೆ ನಡೆದರು. ಅಪ್ಪನ ಕೆಲಸ ಹೋದರೆ ಕ್ವಾರ್ಟರ್ಸ್ ಬಿಡಬೇಕು, ನಾವೆಲ್ಲಿ ಮಲಗುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಆಫೀಸರ್ ಕುಳಿತಿದ್ದರು. ಅವರ ತೊಡೆಯ ಮೇಲೆ ನನ್ನ ಚರಿತ್ರೆ ತೆರೆದುಕೊಂಡಿತ್ತು. ಬಾಗಿಲ ಹಿಂದಿನಿಂದ ಅವರ ಮಗ ಇಣುಕುತ್ತಿದ್ದ.

ಅಪ್ಪ ನೆಟ್ಟಗೆ ನಿಂತು ತಮ್ಮ ಪೂರ್ತಿ ಹೆಸರು ಹೇಳಿದರು. ಕಾರ್ಖಾನೆಯಲ್ಲಿ ತಮಗೆ ಕೊಟ್ಟಿದ್ದ ಟೋಕನ್ ನಂಬರ್ ಹೇಳಿದರು. “ಸಹಿ ನನ್ನದು ಸಾರ್. ಹುಡುಕದೆ ಸಹಿ ಮಾಡಿದ ತಪ್ಪೂ ನನ್ನದೇ” ಎಂದರು. ಅಪ್ಪ ತಮ್ಮ ಹೆಸರನ್ನು ತಾವೇ ಜೋರಾಗಿ ಹೇಳಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲೇ ಇಲ್ಲ.

ಆಫೀಸರ್ ನನ್ನನ್ನು ಹತ್ತಿರ ಕರೆದರು. ಕೊನೆಯ ಅಧ್ಯಾಯದ ನಕ್ಷೆಯ ಮೇಲೆ ಬೆರಳಿಟ್ಟು, “ಇದನ್ನು ಯಾರು ಹೇಳ್ಕೊಟ್ಟಿದ್ದು?” ಎಂದರು.

“ಯಾರೂ ಇಲ್ಲ ಸಾರ್. ಅಪ್ಪ ಏನ್ ಕೇಳಿದ್ರೂ ಹೇಳಲ್ಲ. ಅದಕ್ಕೇ ನಾನೇ ಯೋಚನೆ ಮಾಡಿ ಬರೆದೆ.”

ಅವರು ಗೇಟಿನಿಂದ ಗುಟ್ಟಿನ ಮೆಟ್ಟಿಲವರೆಗೂ ನಕ್ಷೆಯ ಮೇಲೆ ಬೆರಳಾಡಿಸಿ ನೋಡಿದರು. ಕೊನೆಗೆ ಅಪ್ಪನ ಕಡೆ ತಿರುಗಿ, “ಇದ್ರಲ್ಲಿ ಒಂದೂ ಸರಿಯಿಲ್ಲ ರೀ. ಕ್ಯಾಂಟೀನ್ ಯಾವ ಕಡೆ ಇದೆ ಅಂತಾನೂ ನಿಮ್ಮ ಮಗನಿಗೆ ಗೊತ್ತಿಲ್ಲ” ಎಂದರು. ಅವರ ಮೀಸೆಯ ಕೆಳಗೆ ನಗು ಬಂದು ಹೋಯಿತೇನೋ, ಖಚಿತವಾಗಿ ಹೇಳಲಾರೆ. ಆಮೇಲೆ ನೀಲಿ ಹಾಳೆಯನ್ನು ನಿಧಾನವಾಗಿ ಬಿಚ್ಚಿ ತಮ್ಮ ಬಳಿ ಇಟ್ಟುಕೊಂಡು, ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. “ಹಾಳೆ ವಿಷಯ ನಾನು ಮೇಲೆ ಬರೀಲೇಬೇಕು” ಎಂದು ಅಪ್ಪನಿಗೆ ಹೇಳಿದರು. “ಬರೀರಿ ಸಾರ್” ಎಂದರು ಅಪ್ಪ.

ಕೆಲಸ ಉಳಿಯಿತು. ಆದರೆ ಡ್ರಾಯಿಂಗ್ ಸೆಕ್ಷನ್ ಉಳಿಯಲಿಲ್ಲ. ಅಪ್ಪನನ್ನು ಸ್ಟೋರ್ಸಿಗೆ ಹಾಕಿದರು. ರಿಟೈರ್ ಆಗುವವರೆಗೂ ಅವರು ನಟ್ಟು ಬೋಲ್ಟುಗಳ ಪೆಟ್ಟಿಗೆಗಳನ್ನು ನೋಡಿಕೊಂಡರು, ಮತ್ತೆ ಆ ಓರೆ ಮೇಜಿನ ಮುಂದೆ ನಿಲ್ಲಲಿಲ್ಲ. ಬೆರಳುಗಳಿಗೆ ಗ್ರೀಸಿನ ಕಪ್ಪು ಹತ್ತಿತು, ತೊಳೆದರೂ ಹೋಗುತ್ತಿರಲಿಲ್ಲ. ಒಂದು ದಿನವೂ ಅಪ್ಪ ನನ್ನನ್ನು ದೂರಲಿಲ್ಲ. ಸೂಜಿ ಮೊನೆಯ ಆ ಪೆನ್ಸಿಲ್‌ಗಳನ್ನು ನನಗೆ ಕೊಟ್ಟು, “ಚರಿತ್ರೆ ಮುಗಿಸು, ಅರ್ಧಕ್ಕೆ ಬಿಡಬೇಡ” ಎಂದರು. ನನಗೆ ಮುಗಿಸಲು ಆಗಲಿಲ್ಲ. ಆ ದುಃಖ ಇನ್ನೂ ನನ್ನಲ್ಲಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಈಗ ನಾವು ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಐದನೇ ಮಹಡಿಯಲ್ಲಿದ್ದೇವೆ. ನೀವು ಸೋಫಾದ ಮೇಲೆ ಕಾಲು ಚಾಚಿ ಸೂಪರ್‌ಹೀರೋಗಳ ಸಿನಿಮಾ ನೋಡುತ್ತೀರಿ. ಅದರಲ್ಲಿನ ಗೂಢಚಾರ ಇಲಾಖೆಯನ್ನು ಯಾರು ಕಟ್ಟಿದರು, ಯಾವಾಗ ಸುಟ್ಟುಹೋಯಿತು ಎಂದು ಫೋನನ್ನು ಕೇಳಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಚರಿತ್ರೆ ಸಿಗುತ್ತದೆ, ಒಂದು ಪುಟವೂ ಹರಿದಿರುವುದಿಲ್ಲ. ಒಳ್ಳೆಯದೇ. ಆದರೆ ಆಟ ಆಡಲು ಹೆಸರು ಕೊಡುತ್ತೀರಿ, ಪಿಜ್ಜಾ ತರಿಸಲು ಹೆಸರು ಕೊಡುತ್ತೀರಿ, ಕೆಳಗಿನ ಗೇಟಿನಲ್ಲಿ ನನ್ನ ಹೆಸರನ್ನೂ ಬರೆಸಿ ಬರುತ್ತೀರಿ. ಹೆಸರು ಹೇಳುವುದು ಇಷ್ಟು ಸುಲಭವಾಗಿರುವುದನ್ನು ಕಂಡರೆ ನನಗೆ ಆ ವರಾಂಡ ನೆನಪಾಗುತ್ತದೆ.

ಇಷ್ಟು ಹೊತ್ತು ಕೇಳಿದಿರಲ್ಲ, ಅಪ್ಪನ ಹೆಸರೇನು ಎಂದು ನೀವು ಕೇಳಲಿಲ್ಲ. ಏಳನೇ ಬಾಗಿಲಿನ ನಿಯಮ ನಾನಿನ್ನೂ ಮುರಿದಿಲ್ಲ, ಅದಕ್ಕೇ ಅದನ್ನು ಎಲ್ಲೂ ಬರೆಯುವುದಿಲ್ಲ. ಆ ಫೋನನ್ನು ಆಚೆ ಇಟ್ಟು ಹತ್ತಿರ ಬನ್ನಿ. ಅವತ್ತು ಅಪ್ಪ ನೆಟ್ಟಗೆ ನಿಂತು ಹೇಳಿದ ಆ ಪೂರ್ತಿ ಹೆಸರನ್ನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ.