ಹಾಡಲಾಗದಷ್ಟು ವೇಗ

ಆ ಶುಕ್ರವಾರ ಬೆಳಿಗ್ಗೆಯೂ ನಾನು, ಅಕ್ಕ ಮಾಲ್‌ನೊಳಗೆ ನಡೆಯುತ್ತಿದ್ದೆವು. ಅಂಗಡಿಗಳ ಶಟರ್ ಇನ್ನೂ ಎತ್ತಿರಲಿಲ್ಲ. ಆಗಷ್ಟೇ ಒರೆಸಿದ ನೆಲದಲ್ಲಿ ದೀಪಗಳು ತಲೆಕೆಳಗಾಗಿ ಹೊಳೆಯುತ್ತಿದ್ದವು. ನೀರಿನ ಮೇಲೆ ಕಾಲಿಡುತ್ತಿದ್ದೇವೆ ಅನಿಸುತ್ತಿತ್ತು. ಹೊರಗಿನ ಸೆಕೆಗೆ ಗಾಜೆಲ್ಲ ಮಸುಕಾಗಿತ್ತು. ದುಬೈಯ ಬೇಸಿಗೆಯಲ್ಲಿ ನಮ್ಮಂಥವರು ನಡೆಯಲು ಹೋಗುವುದು ಅಲ್ಲಿಗೇ.

ಸಿಲಿಕಾನ್ ಓಯಸಿಸ್‌ನ ಒಂದೇ ಕಟ್ಟಡದಲ್ಲಿ ನಮ್ಮಿಬ್ಬರ ಮನೆ. ಅವಳದು ಮೇಲೆ, ನನ್ನದು ಕೆಳಗೆ. ತೂಕ ಇಳಿಸಲೆಂದು ನಾನು ಜಿಮ್ ಸೇರಿ ಬಿಟ್ಟಿದ್ದೆ, ಮತ್ತೆ ಸೇರಿ ಮತ್ತೆ ಬಿಟ್ಟಿದ್ದೆ. ಇಳಿದದ್ದೆಲ್ಲ ಒಮ್ಮೆ ಊರಿಗೆ ಹೋಗಿ ಬರುವಷ್ಟರಲ್ಲಿ ವಾಪಸು ಬರುತ್ತಿತ್ತು. ಕೊನೆಗೆ ಅಕ್ಕನೇ ಯೋಜನೆ ಹಾಕಿದಳು.

"ಮುದುಕಿ ಆದ ಮೇಲೂ ಮಾಡ್ಲಿಕ್ಕೆ ಆಗುವಂಥದ್ದು ಮಾತ್ರ ಮಾಡುವ. ಒಂದು ತಿಂಗಳು ಕುಣಿದು ಮತ್ತೆ ಬಿದ್ದುಕೊಳ್ಳುವ ಆಟ ಬೇಡ."

ಬೇಸಿಗೆಗೆ ಮಾಲ್, ಸೆಕೆ ಇಳಿದ ಮೇಲೆ ಹೊರಗೆ. ಡಿಸೆಂಬರಿನಲ್ಲಿ ಅಬುಧಾಬಿಯ ಕಾರ್ನಿಶ್‌ಗೆ ಹೋಗಿ, ಸಮುದ್ರದ ಪಕ್ಕದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕೂರದೆ ನಡೆಯುವುದು. ಆಮೇಲೆ ಪ್ರತಿ ಡಿಸೆಂಬರಿನಲ್ಲೂ.

ಎಷ್ಟು ವೇಗವಾಗಿ ನಡೆಯಬೇಕೆಂದು ಕೇಳಿದ್ದಕ್ಕೆ ಕ್ಲಿನಿಕ್‌ನ ಡಾಕ್ಟರು, ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂದಿದ್ದರು. ಅಕ್ಕನಿಗೆ ಅದು ಬಹಳ ಹಿಡಿಸಿತ್ತು. ನಾನು ಸ್ವಲ್ಪ ನಿಧಾನಿಸಿದರೆ ಸಾಕು, ಪರೀಕ್ಷೆ.

"ಒಂದು ಸಾಲು ಹಾಡು ನೋಡುವ."

ಹಾಡಿದೆ.

"ಎಂತ ಮಾರಾಯ್ತಿ, ಕಚೇರಿ ಕೊಡುವ ಹಾಗೆ ಹಾಡ್ತಿ. ಯಲ್ಲಾ, ಬೇಗ ನಡಿ."

"ಈಗ ನೀನು ಹಾಡಕ್ಕ."

"ನಾನು ಹಾಡಿದ್ರೆ ಸೆಕ್ಯುರಿಟಿಯವ ಓಡಿ ಬಂದಾನು."

ಮನೆಗೆ ಬಂದು ನೀರುದೋಸೆ ತಿಂದೆವು. ಎರಡು ಸಾಕು ಎಂದವಳು ಇನ್ನೆರಡು ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಭಾವ ಮೇಲಿನಿಂದ ಓಡಿ ಬಂದರು. ಅಕ್ಕ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು ಅಂದರು ಆಸ್ಪತ್ರೆಯವರು.

ಊರಿನಲ್ಲಿ ಎಲ್ಲ ಮುಗಿಸಿ ಮರಳಿದ ಮೇಲೆ ಕೆಲವು ವಾರ ನಾನು ಶೂ ಹಾಕಲಿಲ್ಲ. ಆಮೇಲೊಂದು ಬೆಳಿಗ್ಗೆ ಕಿಟಕಿ ತೆರೆದರೆ ಗಾಳಿ ತಣ್ಣಗಿತ್ತು. ಅವಳ ಯೋಜನೆಯ ಪ್ರಕಾರ ಇನ್ನು ಹೊರಗೆ ನಡೆಯಬೇಕಿತ್ತು. ಹೋದೆ.

ಡಿಸೆಂಬರಿನಲ್ಲಿ ಗಂಡ ನನ್ನನ್ನು ಕಾರ್ನಿಶ್‌ನ ಒಂದು ತುದಿಯಲ್ಲಿ ಇಳಿಸಿ, ಇನ್ನೊಂದು ತುದಿಯಲ್ಲಿ ಕಾಯುತ್ತೇನೆಂದು ಕಾರಿನಲ್ಲಿ ಮುಂದೆ ಹೋದರು. ಮಂಜಿತ್ತು. ಎದುರಿನ ಎತ್ತರದ ಕಟ್ಟಡಗಳು ಅರ್ಧದಿಂದ ಮೇಲೆ ಕಾಣುತ್ತಿರಲಿಲ್ಲ. ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಇನ್ನೊಂದು ಹೆಜ್ಜೆ ಸೇರಿದಂತೆ ಕೇಳಿಸುತ್ತಿತ್ತು. ತಿರುಗಿ ನೋಡಲಿಲ್ಲ, ಹಾಗೇ ಇರಲಿ ಎಂದು. ಎಲ್ಲೂ ಕೂರಲಿಲ್ಲ.

ಇಳಿದ ತೂಕ ಈ ಸಲ ವಾಪಸು ಬಂದಿಲ್ಲ. ಬೇಸಿಗೆಯಲ್ಲಿ ಮಾಲ್, ಚಳಿಯಲ್ಲಿ ಹೊರಗೆ, ಈಗಲೂ ನಡೆಯುತ್ತೇನೆ. ವೇಗ ಸರಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಡೆಯುವಾಗ ಮಾತಾಡಲು ಅಕ್ಕ ಇಲ್ಲ.